ದೊಡ್ಡಪ್ಪನ ರೌಟರ್

ಕೊಡಿಗೇಹಳ್ಳಿಯ ನಮ್ಮ ಮನೆ ಪಾಲಾದಾಗ ಕೆಳಗಿನದು ನಮಗೆ, ಮೇಲಿನದು ದೊಡ್ಡಪ್ಪನಿಗೆ ಬಂತು. ಅಂದಿನಿಂದ ಕೆಳಗೆ ಏನು ಬಂದರೂ ಮೇಲೂ ಅದೇ ಬರಬೇಕು. ನಾವು ಮಿಕ್ಸಿ ತಂದರೆ ಅವರಿಗೂ ಅದೇ ಬಣ್ಣದ ಮಿಕ್ಸಿ. ಹೀಗಾಗಿ ನಾನು ಕೆಳಗೆ ವೈಫೈ ಹಾಕಿಸಿ ಮೇಲಕ್ಕೂ ಒಂದು ತಂತಿ ಎಳೆಸಿಕೊಟ್ಟಾಗ ದೊಡ್ಡಪ್ಪ ಸುಮ್ಮನಿರಲಿಲ್ಲ. ನಮ್ಮದರಂಥದ್ದೇ ರೌಟರ್ ತಂದು ಆ ತಂತಿಗೆ ಸಿಕ್ಕಿಸಿದರು.

ಅಲ್ಲಿಂದ ಅಮ್ಮನ ಗೋಳು ಶುರುವಾಯಿತು. ಅಮ್ಮ ಶುಕ್ರವಾರ ಬೆಳಿಗ್ಗೆ ಫೋನಿನಲ್ಲಿ ಲೈವ್ ಬಂದು ಸೀರೆ ಮಾರುತ್ತಾಳೆ. ಸೆರಗು ಬಿಡಿಸಿ ತೋರಿಸುವ ಹೊತ್ತಿಗೆ ಸರಿಯಾಗಿ ನೆಟ್ ಹೋಗುತ್ತಿತ್ತು. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದಿತ್ತು. ಈ ಸಲವೂ ಕೆಟ್ಟರೆ ಗಿರಾಕಿಗಳೆಲ್ಲ ಕೈಬಿಟ್ಟು ಹೋಗುತ್ತಿದ್ದರು. ದೊಡ್ಡಪ್ಪನಿಗೆ ಮೊದಲೇ ಈ ವ್ಯಾಪಾರ ಹಿಡಿಸದು. "ಮನೆ ಸೊಸೆ ಫೋನ್ ಮುಂದೆ ನಿಂತ್ಕಂಡು ಸೀರೆ ಮಾರದಾ?" ಎಂದು ಮೆಟ್ಟಿಲ ಮೇಲಿಂದಲೇ ಕೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮನೆಯ ಪ್ರತಿ ಫೋನಿಗೂ ಟೀವಿಗೂ ರೌಟರ್ ಒಂದೊಂದು ಬೇರೆ ನಂಬರ್ ಕೊಡಬೇಕು. ನಮ್ಮಲ್ಲಿ ಎರಡು ರೌಟರ್‌ಗಳೂ ತಾವೇ ನಂಬರ್ ಹಂಚುತ್ತ ಯಜಮಾನಿಕೆಗೆ ನಿಂತಿದ್ದವು. ಹುಡುಕಿ ನೋಡಿದರೆ ಅಮ್ಮನ ಫೋನಿಗೂ ದೊಡ್ಡಪ್ಪನ ಟೀವಿಗೂ ಒಂದೇ ನಂಬರ್! ಅವರು ಟೀವಿ ಹಾಕಿದ ಕೂಡಲೇ ಇವಳು ಮಾಯ. ಮೇಲಿನ ರೌಟರ್ ನಂಬರ್ ಹಂಚುವುದನ್ನು ನಿಲ್ಲಿಸಬೇಕಿತ್ತು. ಹಾಗೆಂದು ಮೇಲೆ ಹೋಗಿ ಹೇಳಿದೆ.

"ನಮ್ದ್ಯಾಕಮ್ಮಿ ನಿಲ್ಲುಸ್ಬೇಕು? ಮನೆಗೆ ದೊಡ್ಡವ್ನು ನಾನಲ್ವಾ?" ಎಂದರು ದೊಡ್ಡಪ್ಪ.

"ಅದಕ್ಕೇ ಹೇಳ್ತಿರೋದು ದೊಡ್ಡಪ್ಪ. ಮದ್ವೆ ಮನೇಲಿ ನೀವು ಓಡಾಡ್ತೀರಾ? ಮುಂದಿನ ಕುರ್ಚೀಲಿ ಕೂತಿರ್ತೀರ. ಬಂದೋರಿಗೆ ಊಟಕ್ಕೆ ಜಾಗ ತೋರ್ಸೋದು ಅಪ್ಪ. ನಂಬರ್ ಹಂಚೋದೂ ಅಂಥ ಚಾಕರೀನೇ. ನಮ್ ರೌಟರ್ ಮಾಡ್ಕೊಳ್ಳಲಿ ಬಿಡಿ."

ದೊಡ್ಡಪ್ಪನ ಮುಖ ಅರಳಿತು. "ಅಂಗಾದ್ರೆ ಸರಿ. ಮಾಡು."

ನಗು ತಡೆದುಕೊಂಡು, ನಮ್ಮದಕ್ಕೂ ಅವರದಕ್ಕೂ ಒಂದೇ ಆಗಿದ್ದ ಸ್ವಂತ ನಂಬರನ್ನು ಅವರ ರೌಟರ್‌ನಲ್ಲಿ ಬದಲಿಸಿ, ಹಂಚುವ ಕೆಲಸ ಬಂದ್ ಮಾಡಿ ಇಳಿದು ಬಂದೆ.

ಆ ಶುಕ್ರವಾರ ಮೇಲೆ ಟೀವಿ ಅರಚುತ್ತಲೇ ಇತ್ತು, ಅಮ್ಮನ ಲೈವ್ ಒಮ್ಮೆಯೂ ನಿಲ್ಲಲಿಲ್ಲ. ತಂದ ಸೀರೆಯೆಲ್ಲ ಹೋಯಿತು. ಫೋನ್ ಕೆಳಗಿಟ್ಟು ಅಮ್ಮ ಕೇಳಿದಳು, "ಈಗ ನಂಬರ್ ಕೊಡ್ತಿರೋದು ಯಾರೇ?"

"ನಿನ್ ರೌಟರ್ರು."

"ಬಾವನೋರ ಟೀವಿಗೂ?"

"ಅದಕ್ಕೂ. ಅದು ಕೇಳ್ಬೇಕು, ಇದು ಕೊಡ್ಬೇಕು."

ಮದುವೆಯಾಗಿ ಬಂದಾಗಿನಿಂದ ತವರಿಗೆ ಹೋಗುವುದಕ್ಕೂ ದೊಡ್ಡಪ್ಪನ ಅಪ್ಪಣೆ ಕೇಳಿದವಳು ಅಮ್ಮ. ಮಹಡಿಯತ್ತ ಒಮ್ಮೆ ನೋಡಿದಳು. ಆಮೇಲೆ ಸೆರಗನ್ನು ಬಾಯಿಗೊತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು.

"ಕೊಡ್ಲಿ ಬಿಡು, ಪಾಪ" ಎಂದಳು.