ತಿಪ್ಪೆಯೊಳಗಿನ ಉರಿಯನ್ನು ಒಲೆಗೆ ತಂದವರು

ನಮ್ಮ ದೇಶದ ಶಕ್ತಿಯ ಮಾತು ಬಂದಾಗಲೆಲ್ಲ ಅಣೆಕಟ್ಟು, ಕಲ್ಲಿದ್ದಲು, ವಿದ್ಯುತ್ ಕಂಬಗಳ ಕಡೆಗೇ ಎಲ್ಲರ ಕಣ್ಣು ಹೋಗುತ್ತದೆ. ಆದರೆ ಈ ದೇಶದ ಅನ್ನ ಬೇಯುತ್ತಿರುವುದು ಸೌದೆಯಿಂದ, ಬೆರಣಿಯಿಂದ, ತೆಂಗಿನ ಮಟ್ಟೆಯಿಂದ; ಅದನ್ನು ಬೇಯಿಸುತ್ತಿರುವುದು ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಕೂತ ಹೆಂಗಸರು. ಇದನ್ನು ಮರೆಯದೆ, ಬಿಸಾಡುವ ವಸ್ತುವಿನಲ್ಲಿ ಬಾಳಿಗೆ ಬೇಕಾದ ಬಿಸಿ ಇದೆಯೆಂದು ನಂಬಿ, ನಮ್ಮ ಹಾಸನ ಜಿಲ್ಲೆಯಲ್ಲಿ ಮೂವತ್ತು ವರ್ಷ ಊರೂರು ಸುತ್ತಿದ ಕೃಷಿ ವಿಸ್ತರಣಾಧಿಕಾರಿ ಶ್ರೀ ಸಂಪತ್ಕುಮಾರ್ ಅವರು ಈ ೧೯೬೮ರಲ್ಲಿ ನಿವೃತ್ತರಾಗುತ್ತಿದ್ದಾರೆ. ಅವರ ಕೈಕೆಳಗೆ ಗ್ರಾಮಸೇವಿಕೆಯಾಗಿ ದುಡಿದ ನನಗೆ, ನಾಲ್ಕು ಮಾತು ಬರೆಯಿರಿ ಎಂದು ಅಭಿನಂದನ ಸಮಿತಿಯವರು ಕೇಳಿದ್ದಾರೆ. ನಾಲ್ಕೇ ಮಾತಿಗೆ ನಿಲ್ಲಿಸುವುದು ನನ್ನಿಂದ ಎಂದೂ ಆಗಿಲ್ಲ, ಅದು ಸಮಿತಿಯವರಿಗೂ ಗೊತ್ತು!

ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ, ತಲೆಮಾರುಗಳಿಂದ ಪೂಜೆ ಪಾಠಗಳಲ್ಲಿದ್ದ ಮನೆತನದಲ್ಲಿ ಹುಟ್ಟಿದ ಇವರು ಕೃಷಿ ಇಲಾಖೆ ಸೇರಿದ್ದೇ ಮನೆಯವರಿಗೊಂದು ಸೋಜಿಗವಾಗಿತ್ತಂತೆ. ಐವತ್ತರ ದಶಕದಲ್ಲಿ ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆ ಕಾಂಪೋಸ್ಟ್ ಗುಂಡಿ ತೋಡಿಸುತ್ತ, ಕಂಡವರ ತಿಪ್ಪೆಯನ್ನೆಲ್ಲ ಕೋಲಿನಿಂದ ಕೆದಕಿ ಮೂಸಿ ನೋಡುತ್ತ ಓಡಾಡಿದ್ದರಿಂದ ಜನ ಅವರಿಗೆ ‘ತಿಪ್ಪೆ ಅಯ್ನೋರು’ ಎಂದು ಹೆಸರಿಟ್ಟರು. ಅವರಿಗೆ ಇದರಿಂದ ಬೇಸರವಾಗುವುದಿರಲಿ, ಯಾರಾದರೂ ಹಾಗೆ ಕೂಗಿದರೆ ಸೈಕಲ್ ನಿಲ್ಲಿಸಿ ಮಾತಾಡಿಸುತ್ತಿದ್ದರು. ಮನೆಗೆ ಬಂದರೆ ಮಾತ್ರ ತಾಯಿ ಗೋದಮ್ಮನವರು ಹಿತ್ತಲ ಬಾವಿಯ ಹತ್ತಿರವೇ ತಡೆದು, ಸ್ನಾನವಾಗದೆ ಒಳಗೆ ಬಿಡುತ್ತಿರಲಿಲ್ಲ.

೧೯೬೨ರಲ್ಲಿ ಸಗಣಿಯಿಂದ ಗ್ಯಾಸ್ ತೆಗೆಯುವ ಯೋಜನೆ ನಮ್ಮ ಕಡೆಗೆ ಬಂತು. ಗುಂಡಿಯಲ್ಲಿ ಸಗಣಿಗೆ ನೀರು ಕಲಸಿ ತುಂಬುವುದು, ಅದರ ಮೇಲೆ ದೊಡ್ಡದೊಂದು ಕಬ್ಬಿಣದ ಡ್ರಮ್ಮನ್ನು ಬೋರಲು ಹಾಕುವುದು. ಒಳಗೆ ಗ್ಯಾಸ್ ಕೂಡಿದ ಹಾಗೆ ಡ್ರಮ್ ಮೇಲೇಳುತ್ತದೆ, ಕೊಳವೆಯಲ್ಲಿ ಗ್ಯಾಸ್ ಒಲೆಗೆ ಹೋಗುತ್ತದೆ. ಇದನ್ನು ವಿವರಿಸುವಾಗ ಸಂಪತ್ಕುಮಾರ್ ಅವರ ಎರಡು ಕೈಗಳೂ ತಾವಾಗಿಯೇ ಮೇಲೇಳುತ್ತಿದ್ದವು. ಆದರೆ ಹಳ್ಳಿಮೈಸೂರಿನಲ್ಲಿ ಕೇಳಿದವರೆಲ್ಲ ಹಿಂದೆ ಸರಿದರು. ಗ್ಯಾಸಿನ ಜೊತೆ ಗೊಬ್ಬರದ ಸತ್ತ್ವವೂ ಹೊರಟುಹೋದರೆ ರಾಗಿ ಹೊಲದ ಗತಿ ಏನು ಎಂಬುದು ಅವರ ಹೆದರಿಕೆ.

ಒಪ್ಪಿದ್ದು ಒಬ್ಬಳೇ, ರೈತ ಲಕ್ಕಯ್ಯನ ಹೆಂಡತಿ ಬೆಟ್ಟಮ್ಮ. ನಾವು ಮೊದಲ ಸಲ ಅವಳ ಅಡಿಗೆಮನೆಗೆ ಹೋದಾಗ ಹೊಗೆಯಲ್ಲಿ ನಮಗೆ ಅವಳು ಕಾಣಲಿಲ್ಲ, ಅವಳಿಗಂತೂ ನಾವು ಕಾಣಲೇ ಇಲ್ಲ. “ಯಾರವ್ವ ಅದು? ಮಾತಾಡ್ರಿ, ದನಿ ಕೇಳಿದ್ರೆ ಗೊತ್ತಾಯ್ತದೆ” ಎಂದಳು. ರೆಪ್ಪೆ ಊದಿ, ಸದಾ ನೀರು ಸುರಿಯುತ್ತಿದ್ದ ಅವಳ ಕಣ್ಣುಗಳನ್ನು ನೋಡಿದ ಹಾಸನದ ಡಾಕ್ಟರು, ಹೊಗೆ ಬಿಡದಿದ್ದರೆ ದೃಷ್ಟಿ ಉಳಿಯುವುದಿಲ್ಲ ಎಂದಿದ್ದರು. ಒಲೆ ಬಿಟ್ಟು ಎಲ್ಲಿಗೆ ಹೋಗುತ್ತಾಳೆ? ಗಂಡನ ಗೊಣಗಾಟವನ್ನು ಲೆಕ್ಕಿಸದೆ ಹಿತ್ತಿಲಿನ ಮೂಲೆ ತೋರಿಸಿ, “ಅಗೀರಿ ಸಾ” ಎಂದುಬಿಟ್ಟಳು.

ಅಬ್ಬಾ, ಆ ದಿನಗಳು! ಹಾಸನದಿಂದ ಲಾರಿಯಲ್ಲಿ ಡ್ರಮ್ ಬರುವಾಗ, ಯಾರ ಮನೆ ಮದುವೆಗೆ ಇಷ್ಟು ದೊಡ್ಡ ಹಂಡೆ ಎಂದು ದಾರಿಯುದ್ದಕ್ಕೂ ಕೇಳಿದರು. ಗುಂಡಿ ತುಂಬಿದ ಮೇಲೆ ದಿನಾ ಬೆಳಗ್ಗೆ ಊರಿಗೆ ಊರೇ ಬಂದು ಡ್ರಮ್ ನೋಡುತ್ತಿತ್ತು. ಒಂದು ದಿನ ಅದು ಎದ್ದೇ ಎದ್ದಿತು! ಆಗಲೇ ಒಲೆ ಹಚ್ಚಿ ನೋಡಬೇಕೆಂದು ನನಗೆ ಕೈ ತುರಿಸುತ್ತಿತ್ತು. ಆದರೆ ಪಂಚಾಯ್ತಿ ಅಧ್ಯಕ್ಷ ರುದ್ರಯ್ಯನವರು ಅಡ್ಡ ನಿಂತು, “ದೊಡ್ಡೋರು ಬಂದು ಅಚ್ಚೋಗಂಟ ಯಾರೂ ಕಡ್ಡಿ ಗೀರಂಗಿಲ್ಲ” ಎಂದು ಕಟ್ಟುಮಾಡಿದರು.

ಕಾರ್ತಿಕದಲ್ಲಿ ಉದ್ಘಾಟನೆ. ಮೇಲಧಿಕಾರಿಗಳನ್ನು ಕರೆತರಲು ನಾವಿಬ್ಬರೂ ಹೊಳೆನರಸೀಪುರಕ್ಕೆ ಹೋಗಿ ಬರುವಷ್ಟರಲ್ಲಿ ಹಿತ್ತಿಲೆಲ್ಲ ರಂಗೋಲಿ, ಮಾವಿನ ತೋರಣ. ಡ್ರಮ್ಮಿಗೆ ಅರಿಸಿನ ಕುಂಕುಮ. ಆದರೆ ಡ್ರಮ್ ನೆಲ ಕಚ್ಚಿ ಕೂತಿತ್ತು! ಸಂಪತ್ಕುಮಾರ್ ಅವರ ಮುಖ ಬಿಳಿಚಿಕೊಂಡಿತು. ರುದ್ರಯ್ಯನವರು ಹೆಮ್ಮೆಯಿಂದ ಪಿಸುಗುಟ್ಟಿದರು: “ಅಳೇ ಗ್ಯಾಸ್ನೆಲ್ಲ ಕಾಲಿ ಮಾಡಿಸ್ಬುಟ್ಟೆ ಸಾ. ದೊಡ್ಡೋರಿಗೆ ಅಳಸಿದ್ದು ಬಡಿಸಕಾಯ್ತದಾ? ವಾಸ್ನೆ ಬರ್ದಿರ್ಲಿ ಅಂತ ಗುಂಡಿಗೆ ಎಲ್ಡು ಡಬ್ಬ ಫಿನಾಯ್ಲೂ ಉಯ್ಸಿವ್ನಿ.”

ಅಧಿಕಾರಿಗಳು ಕಡ್ಡಿ ಗೀರಿದರು, ಆರಿತು. ಮತ್ತೆ ಗೀರಿದರು, ಮತ್ತೆ ಆರಿತು. ಯಾರೋ ಹಿಂದಿನಿಂದ ಕಿಸಕ್ಕೆಂದು ನಕ್ಕರು. “ಏನ್ರೀ ಇದು?” ಎಂದು ಅಧಿಕಾರಿಗಳು ಗುಡುಗಿದಾಗ ರುದ್ರಯ್ಯನವರಿಗೆ ತಾವು ಮಾಡಿದ್ದೇನೆಂದು ಅರಿವಾಯಿತು. ಸಂಪತ್ಕುಮಾರ್ ಅವರು ಮುಂದೆ ಬಂದು, “ತಪ್ಪು ನನ್ನದು ಸಾರ್. ನಾನು ಇಲ್ಲೇ ಇರಬೇಕಾಗಿತ್ತು” ಎಂದರು. ಆ ಒಂದು ಮಾತಿಗೆ ಹಾಸನದ ಕೇಂದ್ರ ಕಚೇರಿಯಲ್ಲಿ ಅವರಿಗೆ ಬರಬೇಕಾಗಿದ್ದ ಬಡ್ತಿ ಬೇರೆಯವರ ಪಾಲಾಯಿತು.

ನನಗೆ ಮೈಯೆಲ್ಲ ಉರಿದುಹೋಯಿತು. ಹಿಂದಿರುಗುವಾಗ ಬಸ್ಸಿನಲ್ಲೇ ಜಗಳ ತೆಗೆದೆ: ರುದ್ರಯ್ಯನವರು ಮಾಡಿದ್ದನ್ನು ನಿಮ್ಮ ತಲೆಗೆ ಯಾಕೆ ಕಟ್ಟಿಕೊಂಡಿರಿ? ಅವರು, “ಅತಿಥಿಗೆ ಹಳಸಿದ್ದು ಬಡಿಸಬಾರದು ಅಂದುಕೊಂಡವರನ್ನ ಏನಂತ ಬೈಯೋದಮ್ಮ? ಗ್ಯಾಸ್ ಹಳಸೋದಿಲ್ಲ ಅಂತ ನಾನು ಹೇಳಿಕೊಟ್ಟಿರಲಿಲ್ಲವಲ್ಲ” ಎಂದರು.

ಇತ್ತ ಲಕ್ಕಯ್ಯ ಗುದ್ದಲಿ ತಂದು ಗುಂಡಿ ಮುಚ್ಚಲು ನಿಂತ. ಬೆಟ್ಟಮ್ಮ ಗುಂಡಿಯ ಅಂಚಿನಲ್ಲೇ ಕೂತುಬಿಟ್ಟಳು. “ಮುಚ್ಚೋದಾದ್ರೆ ನನ್ನೂ ಒಳಕ್ಕಾಕಿ ಮುಚ್ಚು. ಒಗೆ ಕುಡ್ದು ಕುರುಡಿಯಾಗಿ ಕೂರೋದ್ಕಿಂತ ಅದೇ ವಾಸಿ ಕಣ.” ಗುದ್ದಲಿ ಕೆಳಗಿಳಿಯಿತು. ಸಂಕ್ರಾಂತಿಯವರೆಗೆ ಮಾತ್ರ, ಅಷ್ಟರೊಳಗೆ ಉರಿಯದಿದ್ದರೆ ಮುಚ್ಚುವುದೇ ಸೈ ಎಂದ ಲಕ್ಕಯ್ಯ.

ಸಂಪತ್ಕುಮಾರ್ ಅವರು ರಜೆ ಹಾಕಿ ಬಂದು, ಪಂಚೆ ಎತ್ತಿ ಕಟ್ಟಿ, ಫಿನಾಯಿಲ್ ಬೆರೆತು ಇನ್ನು ಗ್ಯಾಸ್ ಕೊಡದಂತಾಗಿದ್ದ ಸಗಣಿಯನ್ನು ಬಕೆಟ್ಟಿನಲ್ಲಿ ಎತ್ತಿ ಹೊರಗೆ ಹಾಕಿದರು. ಇನ್ನೊಂದು ಬಕೆಟ್ ಹಿಡಿದವರು ರುದ್ರಯ್ಯನವರೇ. ಹೊಸ ಸಗಣಿ ತುಂಬಿದ್ದಾಯಿತು. ಆದರೆ ಪುಷ್ಯದ ಚಳಿಗೆ ಡ್ರಮ್ ಏಳಲೊಲ್ಲದು! ಬಿಸಿಲಿಗಿಟ್ಟ ನೀರಲ್ಲಿ ಸಗಣಿ ಕಲಸಿದೆವು, ಸುತ್ತ ಹುಲ್ಲು ಹೊದಿಸಿದೆವು. ದಿನಾ ಸಂಜೆ ಬಸ್ಸಿಳಿದು ಓಡೋಡಿ ಬರುವ ಇವರಿಗೆ ಬೆಟ್ಟಮ್ಮ ದೂರದಿಂದಲೇ ತಲೆಯಾಡಿಸುತ್ತಿದ್ದಳು. ಹಬ್ಬದ ಹಿಂದಿನ ದಿನ ಮಾತ್ರ ಅವಳೇ ಬೀದಿಗೆ ಓಡಿಬಂದಳು: “ಎದ್ದೈತೆ ಸಾ! ಡ್ರಮ್ಮು ಎದ್ದೈತೆ!”

ಸಂಕ್ರಾಂತಿಯ ದಿನ ಒಲೆಯ ಮುಂದೆ ಸಂಪತ್ಕುಮಾರ್ ಅವರು ಬೆಂಕಿಪೊಟ್ಟಣವನ್ನು ಬೆಟ್ಟಮ್ಮನ ಕೈಗೆ ಕೊಟ್ಟರು. “ದೊಡ್ಡೋರೇ ಹಚ್ಚಬೇಕು ಅಂದಿದ್ದಿರಲ್ಲ ರುದ್ರಯ್ಯನವರೇ, ಈ ಮನೆಗೆ ದೊಡ್ಡೋರು ಇವರೇ.” ಅವಳು ಗೀರಿದಳು. ಎಲ್ಲರೂ ಬಗ್ಗಿ ನೋಡಿದೆವು. ಏನೂ ಕಾಣಲಿಲ್ಲ! ಹೊಗೆಯಿಲ್ಲ, ಕೆಂಡವಿಲ್ಲ, ಬಾಗಿಲಿಂದ ಬಿದ್ದ ಬಿಸಿಲಿನಲ್ಲಿ ಒಲೆ ಖಾಲಿಯಾಗಿಯೇ ಇದೆ. “ಎಲ್ಲೈತೆ ಉರಿ? ಮತ್ತೆ ಅದೇ ಕತೆ!” ಎಂದು ಲಕ್ಕಯ್ಯ ಒಲೆಯ ಮೇಲೆ ಕೈಯಿಟ್ಟ. “ಅಯ್ಯಯ್ಯಪ್ಪೋ! ಸುಡ್ತದೆ ಕಣಮ್ಮೀ! ಸುಡ್ತದೆ!” ಅವನು ಕೈ ಒದರಿಕೊಂಡು ಕುಣಿದ, ರುದ್ರಯ್ಯನವರು ಟವಲ್ ಬೀಸಿ ಕುಣಿದರು, ನಾನೂ ಸರ್ಕಾರಿ ನೌಕರಳೆಂಬುದನ್ನು ಮರೆತು ಕುಣಿದೆ. ಬಾಗಿಲು ಮುಚ್ಚಿದಾಗ ಕಂಡಿತು, ತೆಳ್ಳನೆಯ ನೀಲಿ ಉರಿ. ಆ ದಿನದ ಹುಗ್ಗಿ ಬೆಂದದ್ದು ಅದರಲ್ಲೇ.

ಗುಂಡಿಯಿಂದ ಹೊರಬಿದ್ದ ಗೊಬ್ಬರವನ್ನುಂಡ ರಾಗಿ ಸೊಂಪಾಗಿ ಬಂದ ಮೇಲೆ, ಹೆದರಿದ್ದವರೇ ತಮ್ಮ ಹಿತ್ತಿಲಿಗೆ ಕರೆಯತೊಡಗಿದರು. ಮಲ್ಲಿಪಟ್ಟಣಕ್ಕೂ ಡ್ರಮ್ ಹೋಯಿತು. ಕೊನೆಗೆ ಗೋದಮ್ಮನವರೂ, “ಬಾವಿ ಪಕ್ಕ ಜಾಗ ಇದೆಯಲ್ಲೋ” ಎಂದರಂತೆ. ನಿವೃತ್ತಿಯ ನಂತರ ಏನು ಮಾಡುತ್ತೀರಿ ಎಂದರೆ ಇವರ ಕಣ್ಣು ಚನ್ನರಾಯಪಟ್ಟಣದ ಸಂತೆಯಲ್ಲಿ ಕೊಳೆಯುವ ಸೊಪ್ಪು ತರಕಾರಿಯ ಮೇಲಿದೆ. ಹೇಳುವಾಗ ಎರಡು ಕೈಗಳೂ ಈಗಲೂ ಮೇಲೇಳುತ್ತವೆ. ಆ ಕೈಗಳು ಹೀಗೆಯೇ ಏಳುತ್ತಿರಲಿ, ಅವರ ಆಯುಸ್ಸೂ ಆರೋಗ್ಯವೂ ಆ ಉತ್ಸಾಹಕ್ಕೆ ಸರಿಸಮನಾಗಿ ಬೆಳೆಯಲಿ.

ಈ ಲೇಖನಕ್ಕೆ ಕೂರುವ ಮೊದಲು ಹಳ್ಳಿಮೈಸೂರಿಗೆ ಹೋಗಿ, ನಿನ್ನದೇನಾದರೂ ಮಾತು ಬರೆಯಲೇ ಎಂದು ಬೆಟ್ಟಮ್ಮನನ್ನು ಕೇಳಿದೆ. ಬಾಗಿಲಲ್ಲಿ ಕೂತು ಅಕ್ಕಿಯ ಕಲ್ಲು ಆರಿಸುತ್ತಿದ್ದವಳು ತಲೆಯೆತ್ತಿದಳು. “ಮೊದ್ಲು ಅವ್ರ ದನಿ ಒಂದೇ ಗೊತ್ತಿತ್ತು ಕಣವ್ವ. ಈಗ ಮುಖ ಕಾಣ್ತದೆ. ತಲೆ ಬೆಳ್ಳಗಾಯ್ತಿರೋದೂ ಕಾಣ್ತದೆ. ಇನ್ನೂ ಬೆಳ್ಳಗಾಗ್ಲಿ, ನಾನು ನೋಡ್ಬೇಕು ಅಂತ ಬರಿ.”