ಪದ್ಯ ಬಿಟ್ಟು ಅರ್ಥ ಹೇಳಿದ ಮಾಸ್ತರರು

ಬಾಳಕೃಷ್ಣ ಮಾಸ್ತರರಿಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ಮುರಗೋಡದ ನಮ್ಮ ಓಣಿಯವರೆಲ್ಲ ನಂಬಿದ್ದೆವು. ಅವರೂ ಹಾಗೆಯೇ ನಂಬಿದ್ದರು, ತೊಂದರೆ ಅದೇ. ಶ್ರಾವಣದಲ್ಲಿ ಗುಡಿಯಲ್ಲಿ ಪುರಾಣ ಹಚ್ಚಿದಾಗ ನಾನು ಪದ್ಯ ಓದುವವ, ಅವರು ಅರ್ಥ ಹೇಳುವವರು. ಇಪ್ಪತ್ತು ವರ್ಷ ಹೀಗೇ ನಡೆದಿದೆ. ಪದ್ಯ ಓದದೆ ಅರ್ಥ ಹೇಳಬಾರದೆಂಬುದು ಹಿರಿಯರು ಹಾಕಿದ ಕಟ್ಟಳೆ.

ಹೋದ ಶ್ರಾವಣಕ್ಕೆ ಮಾಸ್ತರರು ಧಾರವಾಡದಿಂದ ದಪ್ಪ ಪುಸ್ತಕವೊಂದನ್ನು ತಂದರು. ಏಳುನೂರು ವರ್ಷಗಳ ಹಿಂದೆ ಇಟಲಿಯ ಕವಿ ಬರೆದ ಕಾವ್ಯದ ಕನ್ನಡ ಅನುವಾದ. ಕವಿಯೇ ನರಕ ಹೊಕ್ಕು ಸ್ವರ್ಗದವರೆಗೆ ನಡೆಯುವ ಕಥೆ. ಪುಟದ ಮೇಲರ್ಧ ಪದ್ಯ, ಕೆಳಗರ್ಧ ಟಿಪ್ಪಣಿ. ಪುರಾಣ ಮುಗಿದ ಮೇಲೆ ದಿನಾ ಅರ್ಧ ತಾಸು ಇದನ್ನೂ ಹೇಳತೊಡಗಿದರು. ಪದ್ಯ ಓದಲು ನಾನು ಕೈ ಚಾಚಿದರೆ, "ನಿಂಗರಾಜ, ಇದು ನಿನ್ನ ರಾಗಕ್ಕ ಹೊಂದೂದಿಲ್ಲೋ. ನಾ ಅರ್ಥಾನೇ ಹೇಳ್ತೀನಿ," ಎಂದರು. ಪದ್ಯ ಅವರ ತಲೆಗೇ ಹತ್ತಿಲ್ಲ, ಬರೀ ಟಿಪ್ಪಣಿ ಓದಿಕೊಂಡು ಬರುತ್ತಾರೆಂದು, ಅವರ ಕಣ್ಣು ಪುಟದ ಕೆಳಗರ್ಧ ಬಿಟ್ಟು ಮೇಲೇರದ್ದನ್ನು ನೋಡಿ ನನಗೆ ಎರಡನೆಯ ದಿನವೇ ತಿಳಿಯಿತು. ಆದರೂ ಬಾಯಿ ಬಿಡಲಿಲ್ಲ.

ಒಂದು ಸಂಜೆ, ತಮ್ಮ ಜೀವ ತಾವೇ ಕಳೆದುಕೊಂಡವರ ಸರದಿ ಬಂತು. "ಅವರೆಲ್ಲ ನರಕದಾಗ ಮುಳ್ಳಿನ ಗಿಡಾ ಆಗ್ತಾರ. ಮಾಡಿದ್ದು ಉಣ್ಣಲಿಕ್ಕೇ ಬೇಕು!" ಎಂದು ಮಾಸ್ತರರು ತೊಡೆ ತಟ್ಟಿದರು. ಹೆಂಗಸರ ಸಾಲಿನಲ್ಲಿ ಶಟ್ಟೆವ್ವ ಕುಳಿತಿದ್ದಳು. ಅವಳ ಮಗ ಕಲ್ಮೇಶ ಹಾಗೆ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ.

"ಮಾಸ್ತರ, ಆ ಗಿಡಾ ಏನರ ಮಾತಾಡತಾವೇನ್ರಿ?" ಎಂದು ಕೇಳಿದಳು.

ಮಾಸ್ತರರು ಓದಿದ ಟಿಪ್ಪಣಿಯಲ್ಲಿ ಅದು ಇರಲಿಲ್ಲ. ಗೊತ್ತಿಲ್ಲ ಎನ್ನುವುದು ಅವರ ನಾಲಿಗೆಗೆ ರೂಢಿಯೂ ಇಲ್ಲ. "ಇಲ್ಲವಾ. ಗಿಡಾ ಎಲ್ಲೆರೆ ಮಾತಾಡ್ತಾವೇನು?"

ಮರುದಿನದಿಂದ ಶಟ್ಟೆವ್ವ ಬರಲಿಲ್ಲ. ನಾಲ್ಕನೆಯ ದಿನ ನಾನು ತಡೆಯಲಾರದೆ ಮಾಸ್ತರರ ಮನೆಗೆ ಹೋಗಿ, ಅವರ ಮುಂದೆಯೇ ಆ ಪದ್ಯ ಓದಿದೆ. ಗಿಡ ಮಾತಾಡುತ್ತದೆ. ಟೊಂಗೆ ಮುರಿದರೆ ರಕ್ತ ಸುರಿಸಿ, ನಿನಗೆ ಕರುಣೆ ಇಲ್ಲವೇ ಎಂದು ಕೇಳುತ್ತದೆ. ಅದರ ಕಥೆ ಕೇಳಿದ ಕವಿಗೆ ಕನಿಕರದಿಂದ ಮಾತೇ ಹೊರಡುವುದಿಲ್ಲ. ಇನ್ನೊಂದು ಗಿಡದ ಚೆದುರಿದ ಎಲೆಗಳನ್ನು ಅವನು ಆರಿಸಿ ಅದಕ್ಕೇ ಒಪ್ಪಿಸುತ್ತಾನೆ.

ಮಾಸ್ತರರ ಮುಖ ಕಪ್ಪಿಟ್ಟಿತು. ಇಬ್ಬರೂ ಶಟ್ಟೆವ್ವನ ಮನೆಗೆ ಹೋದೆವು. "ತಪ್ಪಾತು ತಂಗಿ, ನಾ ಪದ್ಯ ಓದೇ ಇರಲಿಲ್ಲ," ಎಂದು ಅವರು ಕೈ ಮುಗಿದು, ಗಿಡದ ಮಾತು, ಎಲೆಗಳ ಸಂಗತಿ ಎಲ್ಲ ಹೇಳಿದರು.

ಜೋಳ ಹಸನು ಮಾಡುತ್ತಿದ್ದ ಅವಳು ಕೈ ನಿಲ್ಲಿಸಲಿಲ್ಲ. "ಆವತ್ತು ಮಂದಿ ಮುಂದ ಹೇಳಿದ್ರಿ. ಇದನ್ನ ನನ್ನೊಬ್ಬಾಕಿ ಮುಂದ ಹೇಳಾಕ ಬಂದೀರೇನ್ರಿ?"

ಅಂದು ಸಂಜೆ ಮಾಸ್ತರರು ಗುಡಿಯಲ್ಲಿ ನಿಂತೇ ಮಾತಾಡಿದರು. "ಇಷ್ಟು ದಿನಾ ನಾ ಪದ್ಯ ಓದದೇ ಅರ್ಥಾ ಹೇಳೀನಿ. ಶಟ್ಟೆವ್ವಗ ಸುಳ್ಳು ಹೇಳೀನಿ." ಹಿಂದೆ ಯಾರೋ ಕಿಸಕ್ಕೆಂದರು.

ಶಟ್ಟೆವ್ವನ ನೆರೆಮನೆಯ ಕೃಷ್ಣವ್ವ ಎದ್ದು ನಿಂತಳು. "ಆಕಿ ಬರಂಗಿಲ್ರಿ. ಮೈಕ್ ಹಚ್ಚ್ರಿ, ಆಕಿ ಮನಿ ತನಕಾ ಕೇಳಸಲಿ."

ಮಾಸ್ತರರು ತಾವೇ ಮೈಕ್ ಹಚ್ಚಿ, ಅದೇ ಮಾತನ್ನು ಮತ್ತೆ ಹೇಳಿದರು. ಊರಿಗೆಲ್ಲ ಕೇಳಿಸಿತು. ಆಮೇಲೆ ಮೈಕ್ ನನ್ನ ಕೈಗೆ ಬಂತು. ನಾನು ಪದ್ಯವನ್ನಷ್ಟೇ ಓದಿದೆ. ಎರಡನೆಯ ದಿನದಿಂದಲೇ ನನಗೆ ಗೊತ್ತಿತ್ತೆಂದು ಅಲ್ಲಿ ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ.