ಎಡಗಾಲಿನ ಕಚ್ಚು

ದೊಡ್ಡಕ್ಕನ ಕೋಳಿಗಳನ್ನು ಊರಿನವರು ಬೂದಿಕೋಳಿ ಎನ್ನುತ್ತಿದ್ದರು. ಒಲೆಯ ಬೂದಿಯ ಬಣ್ಣದ ಗರಿ, ನೇರಳೆಹಣ್ಣು ತುಳಿದು ಬಂದಂಥ ಕಾಲು. ಮದುವೆಯಲ್ಲಿ ಅವಳ ಅವ್ವ ಕೊಟ್ಟ ಒಂದು ಹೇಟೆಯಿಂದ, ಒಂದೇ ಹೆಣ್ಣುಕೋಳಿಯಿಂದ, ಬೆಳೆದ ತಳಿ. ಮಡಕಶಿರಾ ಸುತ್ತಮುತ್ತ ಹದಿನೆಂಟು ವರ್ಷದಿಂದ ಕುರಿ, ಕೋಳಿಗಳಿಗೆ ಸೂಜಿ ಚುಚ್ಚುತ್ತ ತಿರುಗಿದವನು ನಾನು. ಅಂಥ ಕೋಳಿಯನ್ನು ಇನ್ನೊಂದು ಊರಿನಲ್ಲಿ ಕಂಡಿಲ್ಲ.

ತಳಿ ಕಾಯುವುದರಲ್ಲಿ ಅವಳದು ಮೊಂಡು ಹಟ. ಒಂದು ಬಿಳಿ ಗರಿ ಬಂದರೂ ಆ ಹುಂಜ ಸಾರಿಗೇ. ಹೇಟೆಯನ್ನಂತೂ ಯಾರು ಎಷ್ಟು ಕೇಳಿದರೂ ಮಾರಳು. ಮರಿ ಹೊರಬಂದ ದಿನವೇ ಅದರ ಎಡಗಾಲಿನ ಬೆರಳ ನಡುವಿನ ತೆಳು ಚರ್ಮಕ್ಕೆ ಪುಟ್ಟ ಕತ್ತರಿಯಿಂದ ಒಂದು ಕಚ್ಚು ಹಾಕುವಳು. ಅದು ಅವ್ವ ಕಲಿಸಿದ ಗುರುತು. ನಿನ್ನ ಕೋಳಿಗಳಿಗೆ ಹುಟ್ಟುತ್ತಲೇ ಆಧಾರ್ ಕಾರ್ಡು ಎಂದು ನಾನು ರೇಗಿಸುತ್ತಿದ್ದೆ.

ಎಲ್ಲವೂ ಒಂದೇ ಗೂಡಿನಲ್ಲಿದ್ದರೆ ರೋಗ ಬಂದ ದಿನ ಬೀಜವೇ ಉಳಿಯುವುದಿಲ್ಲ, ಅರ್ಧ ಬೇರೆ ಕಡೆ ಇಡು ಎಂದು ಹೇಳಿದ ಮಹಾಶಯನೂ ನಾನೇ. ಅವಳು ಹೇಮಾವತಿ ಊರಿನಲ್ಲಿದ್ದ ತಮ್ಮ ಚಿಕ್ಕತಿಮ್ಮಯ್ಯನಿಗೆ ಆರು ಹೇಟೆ, ಒಂದು ಹುಂಜ ಕೊಟ್ಟಳು. ಒಡಹುಟ್ಟಿದವನನ್ನು ಬಿಟ್ಟು ಇನ್ಯಾರನ್ನು ನಂಬುತ್ತಾಳೆ? ರಕ್ತ ಒಂದೇ ಆಗದಂತೆ ವರ್ಷಕ್ಕೊಮ್ಮೆ ಹುಂಜ ಅದಲು ಬದಲು ಮಾಡಿಕೊಳ್ಳಬೇಕು, ಅಲ್ಲಿ ಹುಟ್ಟಿದ ಮರಿಗಳಿಗೂ ಅವ್ವನ ಕಚ್ಚು ಹಾಕಬೇಕು ಎಂದು ಮಾತಾಯಿತು. ಎರಡು ವರ್ಷ ನಡೆಯಿತು. ಮೂರನೆಯ ವರ್ಷ, ಹುಂಜವನ್ನು ಮುಂಗುಸಿ ಎಳೆದುಕೊಂಡು ಹೋಯಿತು, ಮರಿಹುಂಜ ಬೆಳೆಯಲಿ ಎಂದು ಅವನು ಫೋನಿನಲ್ಲೇ ಹೇಳಿದ; ಆಮೇಲೂ ಏನೇನೋ ಹೇಳಿ ಮುಂದೂಡುತ್ತ ಬಂದ. ಅವಳು ನಂಬಿದಳು. ನಾನೂ ನಂಬಿದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಈ ಬೇಸಿಗೆಯಲ್ಲಿ ಕೋಳಿಗಳಿಗೆ ಕೊಕ್ಕರೆ ರೋಗ ಬಂತು. ನಾನು ಲಸಿಕೆ ಹಿಡಿದು ಓಡಿಬರುವಷ್ಟರಲ್ಲಿ ಅಂಗಳದ ತುಂಬ ಕತ್ತು ತಿರುಚಿಕೊಂಡ ಕೋಳಿಗಳು. ನಾಲ್ಕೇ ದಿನದಲ್ಲಿ ಗೂಡು ಖಾಲಿಯಾಯಿತು. ದೊಡ್ಡಕ್ಕ ಅಳಲಿಲ್ಲ. ತಮ್ಮನ ಮನೆಯಲ್ಲಿ ಅವ್ವನ ಬೀಜ ಇದೆಯಲ್ಲ ಎಂದಳು. ಗೂಡು ತೊಳೆದು ಸುಣ್ಣ ಬಳಿದು ಎರಡು ತಿಂಗಳು ಕಾದು, ಎರಡು ಹೇಟೆ, ಒಂದು ಹುಂಜ ಸಾಕು, ನಾಳಿದ್ದು ಬರುತ್ತೇನೆ ಎಂದು ಅವನಿಗೆ ಫೋನ್ ಮಾಡಿದಳು.

ನನ್ನ ಬೈಕಿನ ಹಿಂದೆ ಬುಟ್ಟಿ ಹಿಡಿದು ಕೂತು ಬಂದಳು. ತಮ್ಮನ ಹೆಂಡತಿ ನರಸಮ್ಮ ನೀರು ತಂದಿಟ್ಟು, ನಮ್ಮ ಮುಖ ನೋಡದೆ ಒಳಗೆ ಹೋದಳು. ಚಿಕ್ಕತಿಮ್ಮಯ್ಯ ಒಂದೇ ಹೇಟೆ ಹಿಡಿದು ತಂದ. ಬಣ್ಣ ಬೂದಿಯೇ, ಕಾಲೂ ನೇರಳೆಯೇ. ನಾನಾಗಿದ್ದರೆ ಬುಟ್ಟಿಗೆ ಹಾಕಿಕೊಂಡು ಬಂದುಬಿಡುತ್ತಿದ್ದೆ.

ದೊಡ್ಡಕ್ಕ ಅದರ ಎಡಗಾಲು ಎತ್ತಿದಳು. ಕಚ್ಚು ಇರಲಿಲ್ಲ. ಬಲಗಾಲು ಎತ್ತಿದಳು. ಅಲ್ಲಿತ್ತು; ಇನ್ನೂ ಹಸಿ, ಅಂಚಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಕೋಳಿಯನ್ನು ಎದುರಿಗೆ ಹಿಡಿದು, ತನ್ನ ಎಡಕ್ಕೆ ಕಂಡ ಕಾಲಿಗೇ ಕಚ್ಚು ಹಾಕಿದ್ದ ಮೂರ್ಖ.

ಅವಳು ಕೇಳುವ ಮೊದಲೇ ಬಾಯಿಬಿಟ್ಟ. ಸಂಕ್ರಾಂತಿಯ ಕೋಳಿಪಂದ್ಯದವರು ಬಂದು ಮೊದಲು ಹುಂಜ ಕೇಳಿದರಂತೆ, ಆಮೇಲೆ ಹೇಟೆಗಳನ್ನೂ ಕೇಳಿದರಂತೆ. ಎಲ್ಲ ಮಾರಿ ಎರಡು ವರ್ಷವಾಯಿತಂತೆ. ಇದು ನಿನ್ನೆ ಸಂತೆಯಲ್ಲಿ ಹುಡುಕಿ ತಂದದ್ದು.

“ಕೋಳಿಗೆ ಕೋಳಿ ಕೊಡ್ತಾ ಇದೀನಲ್ಲಕ್ಕ” ಎಂದ.

“ಮಾರ್ಕಂಡೆ ಅಂದಿದ್ರೆ ಬೈದು ಸುಮ್ನಾಗ್ತಿದ್ದೆ ಕಣೋ. ಅವ್ವನ ಗುರ್ತು ಕುಯ್ದು ನಂಗೇ ಕೊಡಕ್ಕೆ ನಿಂಗೆ ಹೆಂಗೆ ಮನ್ಸು ಬಂತು?”

ಅವಳು ನರಸಮ್ಮನಿಂದ ಚಿಟಿಕೆ ಅರಿಶಿನ ಕೇಳಿ ತಂದು ಕೋಳಿಯ ಗಾಯಕ್ಕೆ ಒತ್ತಿ, ಅಂಗಳಕ್ಕೇ ಬಿಟ್ಟಳು. ಇಟ್ಟ ನೀರು ಇಟ್ಟಲ್ಲೇ ಇತ್ತು. ಅವನ ಕಪಾಳಕ್ಕೆ ಎರಡು ಬಿಗಿಯದೆ ಬಂದೆನಲ್ಲ ಎಂದು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಹಿಂದಿನಿಂದ ಖಾಲಿ ಬುಟ್ಟಿ ಬೆನ್ನಿಗೆ ತಾಗುತ್ತಲೇ ಇತ್ತು.

ಹೋದ ವಾರ ಅವಳ ಮನೆಗೆ ಹೋಗಿದ್ದೆ. ಆ ಪುಟ್ಟ ಕತ್ತರಿಯಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸುತ್ತಿದ್ದಳು. ಎಲ್ಲಾದರೂ ಬೂದಿಕೋಳಿ ಹುಡುಕಿ ತರುತ್ತೇನೆ ಎಂದೆ. ನನಗೇ ನಂಬಿಕೆ ಇಲ್ಲದ ಮಾತು. ಅವಳು ಟೀ ಲೋಟ ಮುಂದಿಟ್ಟಳು.

“ಬೀಜ ಎರಡು ಕಡೆ ಇಡು ಅಂದಿದ್ದೆ ನೀನು, ಗೋಪಿ. ಇಟ್ಟಿದ್ದೆ. ರೋಗ ಎರಡೂ ಕಡೆ ಬಂತು ಕಣಪ್ಪ.”